ಸೂರ್ಯ ಕೊಟ್ಟ ಬಿಸಿ ರಾತ್ರಿ ಎಲ್ಲಿಗೆ ಹೋಗುತ್ತದೆ?

ಡಿಸೆಂಬರ್ ತಿಂಗಳ ಬೆಳಗ್ಗೆ ಆರೂವರೆಗೆ ಬೆಂಗಳೂರು, ಮೈಸೂರು, ಹಾಸನಗಳ ಎಷ್ಟೋ ಬಚ್ಚಲುಮನೆಗಳಲ್ಲಿ ಒಂದೇ ದೃಶ್ಯ. ನಲ್ಲಿ ತಿರುಗಿಸಿ ನೀರು ಬಿಸಿಯಾಗಲಿ ಎಂದು ಕಾಯುತ್ತಾ ನಿಲ್ಲುವುದು. ಅರ್ಧ ಬಕೆಟ್ ತಣ್ಣೀರು ಚರಂಡಿ ಪಾಲಾದ ಮೇಲೆ ಉಗುರುಬೆಚ್ಚಗಿನ ನೀರು ಇಳಿಯುತ್ತದೆ. ಮನೆಯ ಮೂರನೆಯವರು ಸ್ನಾನಕ್ಕೆ ಹೋಗುವ ಹೊತ್ತಿಗೆ ಅದೂ ಇಲ್ಲ. "ಸೋಲಾರ್ ಸರಿಯಾಗಿ ಕೆಲಸ ಮಾಡ್ತಿಲ್ಲ, ಬ್ಯಾಕಪ್ ಹಾಕಿ" ಎಂದು ಒಳಗಿನಿಂದ ಕೂಗು. ಬ್ಯಾಕಪ್ ಸ್ವಿಚ್ ಒತ್ತುತ್ತಾರೆ, ಆರಿಸಲು ಮರೆಯುತ್ತಾರೆ, ತಿಂಗಳ ಕೊನೆಗೆ ಬಿಲ್ ಬರುತ್ತದೆ. ಮರುವರ್ಷ ಯಾರಾದರೂ ಮಾರಾಟಗಾರ ಬಂದು "200 ಲೀಟರ್ ಸಾಲದು ಸಾರ್, 300 ಹಾಕಿಸಿಬಿಡಿ" ಎನ್ನುತ್ತಾನೆ.

ಹಾಕಿಸುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಹಿಂದಿನ ದಿನ ಬಿಸಿಲು ಚೆನ್ನಾಗಿತ್ತು. ಸಂಜೆ ಟ್ಯಾಂಕಿನ ನೀರು ಕೈಯಿಡಲಾರದಷ್ಟು ಸುಡುತ್ತಿತ್ತು. ಹಾಗಿದ್ದರೆ ರಾತ್ರಿಯ ಹನ್ನೆರಡು ಗಂಟೆಗಳಲ್ಲಿ ಆ ಬಿಸಿ ಹೋದದ್ದು ಎಲ್ಲಿಗೆ? ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ಕೊರತೆ ಇದ್ದದ್ದು ಬಿಸಿ ಮಾಡುವುದರಲ್ಲಿ ಅಲ್ಲ, ಮಾಡಿದ ಬಿಸಿಯನ್ನು ಹಿಡಿದಿಡುವುದರಲ್ಲಿ. ಸೋರುವ ಬಿಸಿಯನ್ನು ತಡೆಯದೆ ದೊಡ್ಡ ಟ್ಯಾಂಕು ತಂದರೆ ಇನ್ನೂ ಹೆಚ್ಚು ನೀರು ತಣ್ಣಗಾಗುತ್ತದೆ, ಅಷ್ಟೆ.

ಮೊದಲು ಅಳತೆ

ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ, ಅಡುಗೆಗೆ ಬಳಸುವ ಡಿಜಿಟಲ್ ಥರ್ಮಾಮೀಟರ್ ಒಂದು ಸಾಕು. ಬಿಸಿಲು ಚೆನ್ನಾಗಿದ್ದ ದಿನ ಸಂಜೆ ಆರರ ಹೊತ್ತಿಗೆ ತಾರಸಿಗೆ ಹೋಗಿ. ಸೋಲಾರ್ ಟ್ಯಾಂಕಿಗೆ ಅತಿ ಹತ್ತಿರ ಇರುವ ನಲ್ಲಿಯಿಂದ ಎರಡು ಮಗ್ ನೀರು ಬಿಟ್ಟು, ಮೂರನೆಯ ಮಗ್ಗಿನಲ್ಲಿ ಕಡ್ಡಿ ಅದ್ದಿ ಅಂಕಿ ಬರೆದುಕೊಳ್ಳಿ. ಆ ರಾತ್ರಿ ಯಾರೂ ಬಿಸಿನೀರು ಬಳಸಬಾರದು. ಬೆಳಗ್ಗೆ ಆರಕ್ಕೆ ಅದೇ ನಲ್ಲಿಯಲ್ಲಿ ಅದೇ ರೀತಿ ಮತ್ತೆ ಅಳೆಯಿರಿ. ತಾರಸಿಯಲ್ಲಿ ನಲ್ಲಿ ಇಲ್ಲದಿದ್ದರೆ ಮೇಲಿನ ಮಹಡಿಯ ನಲ್ಲಿಯಲ್ಲಿ ಅಳೆಯಬಹುದು. ಆದರೆ ಪೈಪಿನಲ್ಲಿ ನಿಂತಿದ್ದ ನೀರು ಪೂರ್ತಿ ಹೋದ ಮೇಲೆ ಬರುವ ನೀರನ್ನೇ ಅಳೆಯಬೇಕು.

200 ಲೀಟರ್ ನೀರು ಒಂದು ಡಿಗ್ರಿ ಸೆಲ್ಸಿಯಸ್ ತಣ್ಣಗಾದರೆ ಕಳೆದುಹೋಗುವ ಶಾಖ 0.23 ಯೂನಿಟ್ ವಿದ್ಯುತ್ತಿಗೆ ಸಮ. ಹತ್ತು ಡಿಗ್ರಿ ಇಳಿದರೆ ಎರಡೂಕಾಲು ಯೂನಿಟ್‌ಗೂ ಮೇಲೆ, ಪ್ರತಿ ರಾತ್ರಿ. ಸುತ್ತಲೂ 50 ಮಿಲಿಮೀಟರ್ ದಪ್ಪದ ಒಳ್ಳೆಯ ಪಫ್ (ಶಾಖ ತಡೆಯುವ ಪಾಲಿಯುರೆಥೇನ್ ಫೋಮ್) ಇರುವ ಟ್ಯಾಂಕು, ಒಳಗೆ 58 ಡಿಗ್ರಿ, ಹೊರಗೆ 18 ಡಿಗ್ರಿ ಇದ್ದಾಗ, ಹನ್ನೆರಡು ಗಂಟೆಯಲ್ಲಿ ಕಳೆದುಕೊಳ್ಳಬೇಕಾದ್ದು ಲೆಕ್ಕದ ಪ್ರಕಾರ ಎರಡು ಮೂರು ಡಿಗ್ರಿ ಮಾತ್ರ. ಪೈಪ್ ಜೋಡಣೆ, ಸ್ಟ್ಯಾಂಡಿನ ಕಬ್ಬಿಣ, ಏರ್ ವೆಂಟ್ ಎಲ್ಲದರ ನಷ್ಟ ಸೇರಿಸಿದರೂ ಐದಾರು ಡಿಗ್ರಿ ಒಳಗಿದ್ದರೆ ನಿಮ್ಮ ಟ್ಯಾಂಕಿನ ತಂಟೆಗೆ ಹೋಗಬೇಡಿ, ಅದು ಸರಿಯಾಗಿದೆ. ನಿಮ್ಮ ತೊಂದರೆ ಟ್ಯಾಂಕಿನಿಂದ ಬಚ್ಚಲಿನವರೆಗಿನ ಪೈಪಿನಲ್ಲಿದೆ. ಹತ್ತು ಡಿಗ್ರಿಗಿಂತ ಹೆಚ್ಚು ಇಳಿದಿದ್ದರೆ ಕಳ್ಳನನ್ನು ಮೊದಲು ತಾರಸಿಯಲ್ಲೇ ಹುಡುಕಿ.

ತಾರಸಿಯ ತಪಾಸಣೆ

ಸೂರ್ಯ ಹುಟ್ಟುವ ಮುಂಚೆ ಮೇಲೆ ಹೋಗಿ ಟ್ಯಾಂಕಿನ ಹೊರಕವಚದ ಮೇಲೆ ಅಂಗೈ ಆಡಿಸಿ. ಚಳಿಗಾಲದ ಮುಂಜಾವಿನಲ್ಲಿ ಒಳ್ಳೆಯ ಟ್ಯಾಂಕಿನ ತಗಡು ಪಕ್ಕದ ಸಿಮೆಂಟ್ ಗೋಡೆಯಷ್ಟೇ ತಣ್ಣಗಿರುತ್ತದೆ, ಇಬ್ಬನಿಯೂ ಕೂತಿರುತ್ತದೆ. ಎಲ್ಲಾದರೂ ಒಂದು ಕಡೆ ಬೆಚ್ಚಗೆ ತಾಗಿದರೆ, ಅಥವಾ ಎಲ್ಲ ಕಡೆ ಇಬ್ಬನಿ ಇದ್ದು ಒಂದು ತೇಪೆಯಷ್ಟು ಜಾಗ ಒಣಗಿದ್ದರೆ, ಅಲ್ಲಿ ಪಫ್ ಕೆಟ್ಟಿದೆ. ಕೆಳಭಾಗದಲ್ಲಿ ತುಕ್ಕಿನ ಗೆರೆ, ತೊಟ್ಟಿಕ್ಕಿದ ಕಲೆ ಇದ್ದರೆ ಒಳಗಿನ ಟ್ಯಾಂಕು ಸೋರುತ್ತಿದೆ ಎಂದರ್ಥ. ಪಫ್ ಶಾಖವನ್ನು ತಡೆಯುವುದು ಅದರೊಳಗಿನ ಸಣ್ಣ ಸಣ್ಣ ಗುಳ್ಳೆಗಳಲ್ಲಿ ಸಿಕ್ಕಿಬಿದ್ದ ಅನಿಲದಿಂದ. ಅಲ್ಲಿ ನೀರು ಸೇರಿಕೊಂಡರೆ ಅದು ಶಾಖ ತಡೆಯುವುದಿಲ್ಲ, ಸಾಗಿಸುತ್ತದೆ. ಒಮ್ಮೆ ನೆನೆದ ಪಫ್ ಕವಚದೊಳಗೆ ಒಣಗುವುದಿಲ್ಲ. ಹೊರಗಿನಿಂದ ಮತ್ತೊಂದು ಹೊದಿಕೆ ಸುತ್ತಿಸಿ ದುಡ್ಡು ಕಳೆಯಬೇಡಿ. ಗ್ಯಾರಂಟಿ ಇದ್ದರೆ ಕೇಳಿ ಪಡೆಯಿರಿ, ಇಲ್ಲದಿದ್ದರೆ ಟ್ಯಾಂಕು ಬದಲಿಸುವುದೇ ದಾರಿ.

ಗಾಜಿನ ಕೊಳವೆಯ ಸೋಲಾರ್ ಆದರೆ ಪ್ರತಿ ಕೊಳವೆಯ ಕೆಳತುದಿಯನ್ನು ನೋಡಿ. ಅಲ್ಲಿ ಕನ್ನಡಿಯಂತೆ ಹೊಳೆಯುವ ಬೆಳ್ಳಿಬಣ್ಣದ ಲೇಪ ಇರಬೇಕು. ಅದು ಬೇರಿಯಂ. ಎರಡು ಗಾಜಿನ ನಡುವಿನ ನಿರ್ವಾತ ಸರಿಯಾಗಿರುವವರೆಗೆ ಬೆಳ್ಳಿಯಾಗಿರುತ್ತದೆ, ಗಾಳಿ ಒಳಹೊಕ್ಕ ಕೂಡಲೇ ಹಾಲಿನಂತೆ ಬೆಳ್ಳಗಾಗುತ್ತದೆ. ಅಂಥ ಕೊಳವೆ ಹೊರನೋಟಕ್ಕೆ ಒಡೆದಿರುವುದಿಲ್ಲ, ನೀರೂ ಸೋರುವುದಿಲ್ಲ. ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಹಗಲು ಅದು ಸರಿಯಾಗಿ ಬಿಸಿ ಮಾಡುವುದಿಲ್ಲ, ರಾತ್ರಿ ಟ್ಯಾಂಕಿನ ಬಿಸಿಯನ್ನು ಹೊರಗೆ ಚೆಲ್ಲುತ್ತದೆ. ಇಪ್ಪತ್ತು ಕೊಳವೆಗಳಲ್ಲಿ ಎರಡೋ ಮೂರೋ ಹೀಗಿದ್ದರೂ ಬೆಳಗಿನ ಸ್ನಾನಕ್ಕೆ ವ್ಯತ್ಯಾಸ ಗೊತ್ತಾಗುತ್ತದೆ. ಬಿಡಿ ಕೊಳವೆ ಸಿಗುತ್ತದೆ, ಬದಲಿಸುವುದು ದೊಡ್ಡ ಕೆಲಸವಲ್ಲ. ಆದರೆ ಬಿಸಿಲಿನಲ್ಲಿ ಕಾದ ಖಾಲಿ ಕೊಳವೆಗೆ ತಣ್ಣೀರು ಬಿದ್ದರೆ ಗಾಜು ಸಿಡಿಯುತ್ತದೆ. ಮುಂಜಾನೆ ಬೇಗ, ಇಲ್ಲವೇ ಮೇಲೆ ಬಟ್ಟೆ ಹೊದಿಸಿ ಮಾಡಿಸಬೇಕು. ಅದೇ ಸಮಯದಲ್ಲಿ ಕೊಳವೆ ಟ್ಯಾಂಕಿಗೆ ಸೇರುವ ಜಾಗದ ರಬ್ಬರ್ ಉಂಗುರಗಳನ್ನೂ ನೋಡಿ. ಬಿರಿದಿದ್ದರೆ ಅಲ್ಲಿಂದ ಬಿಸಿಯೂ ಹೋಗುತ್ತದೆ, ಮಳೆನೀರು ಪಫ್‌ಗೂ ಇಳಿಯುತ್ತದೆ.

ಹಳೆಯ ಮನೆಗಳಲ್ಲಿ ಇರುವ ತಾಮ್ರದ ಪ್ಯಾನೆಲ್‌ಗಳ ಕತೆ ಬೇರೆ. ಅವು ಪಂಪಿಲ್ಲದೆ ಕೆಲಸ ಮಾಡುತ್ತವೆ. ಪ್ಯಾನೆಲ್ಲಿನಲ್ಲಿ ಕಾದ ನೀರು ಹಗುರಾಗಿ ಟ್ಯಾಂಕಿಗೆ ಏರುತ್ತದೆ, ಟ್ಯಾಂಕಿನ ತಳದ ತಣ್ಣೀರು ಪ್ಯಾನೆಲ್ಲಿಗೆ ಇಳಿಯುತ್ತದೆ. ರಾತ್ರಿ ಪ್ಯಾನೆಲ್ಲು ತಣ್ಣಗಾದಾಗ ಇದೇ ಹರಿವು ಉಲ್ಟಾ ಹೊಡೆಯಬಾರದು ಎಂದರೆ ಟ್ಯಾಂಕಿನ ತಳ ಪ್ಯಾನೆಲ್ಲಿನ ಮೇಲಂಚಿಗಿಂತ ಕನಿಷ್ಠ ಒಂದಡಿಯಾದರೂ ಎತ್ತರದಲ್ಲಿರಬೇಕು. ತಾರಸಿಗೆ ಹೊಸ ಶೀಟ್ ಹಾಕಿಸುವಾಗ, ವಾಟರ್‌ಪ್ರೂಫಿಂಗ್ ಮಾಡಿಸುವಾಗ ಸ್ಟ್ಯಾಂಡ್ ಎತ್ತಿ ಮತ್ತೆ ಇಡುತ್ತಾರೆ. ಆಗ ಈ ಎತ್ತರ ಕಡಿಮೆಯಾದದ್ದು ಯಾರ ಗಮನಕ್ಕೂ ಬಂದಿರುವುದಿಲ್ಲ. "ಮೊದಲು ಚೆನ್ನಾಗಿತ್ತು, ರಿಪೇರಿ ಆದಮೇಲೆ ಹೀಗೆ" ಎನ್ನುವವರು ಮೊದಲು ಟೇಪು ಹಿಡಿದು ಇದನ್ನು ಅಳೆಯಲಿ. ಪ್ಯಾನೆಲ್ಲಿನಿಂದ ಟ್ಯಾಂಕಿಗೆ ಹೋಗುವ ಎರಡು ಪೈಪುಗಳಿಗೆ ಹೊದಿಕೆ ಇದೆಯೇ ಎಂದೂ ನೋಡಲಿ. ಹಗಲಿಡೀ ಅತಿ ಬಿಸಿಯಾದ ನೀರು ಓಡಾಡುವ ಜಾಗ ಅದು. ಮೊದಲು ಹರಿದುಹೋಗುವ ಹೊದಿಕೆಯೂ ಅದೇ.

ಏರ್ ವೆಂಟ್ ಬಗ್ಗೆ ಒಂದು ಎಚ್ಚರಿಕೆ. ಟ್ಯಾಂಕಿನ ಮೇಲಿಂದ ನೆಟ್ಟಗೆ ನಿಂತ ಆ ಪೈಪಿನಿಂದ ಆಗಾಗ ಹಬೆ ಬರುವುದನ್ನು ಕಂಡು ಅದರ ಬಾಯಿ ಮುಚ್ಚಿಸುವವರಿದ್ದಾರೆ. ಎಂದೂ ಮಾಡಬೇಡಿ. ನೀರು ಕಾದು ಹಿಗ್ಗಿದಾಗ ಒತ್ತಡ ಹೊರಹೋಗಲು, ನೀರು ಖಾಲಿಯಾದಾಗ ಗಾಳಿ ಒಳಬರಲು ಇರುವ ದಾರಿ ಅದೊಂದೇ. ಮುಚ್ಚಿದರೆ ಟ್ಯಾಂಕು ಉಬ್ಬಿ ಬಿರಿಯಬಹುದು, ಇಲ್ಲವೇ ಒಳಕ್ಕೆ ಕುಸಿಯಬಹುದು. ಪೈಪಿನ ಹೊರಮೈಗೆ ಹೊದಿಕೆ ಸುತ್ತಿ, ಬಾಯಿ ತೆರೆದೇ ಇರಲಿ.

ಮಿಕ್ಸರ್ ಎಂಬ ಒಳಗಳ್ಳ

ತಾರಸಿಯಲ್ಲಿ ಎಲ್ಲವೂ ಸರಿ, ಆದರೂ ಬೆಳಗ್ಗೆ ಟ್ಯಾಂಕು ತಣ್ಣಗಿದೆ ಎಂದರೆ ಬಚ್ಚಲಿನ ಮಿಕ್ಸರ್ ಮೇಲೆ ಅನುಮಾನ ಪಡಬೇಕು. ಬಿಸಿ, ತಣ್ಣೀರು ಎರಡೂ ತಿರುವು ತೆರೆದೇ ಇದ್ದು, ಮುಂದೆ ಕೈಶವರ್‌ನ ಗುಂಡಿಯನ್ನೋ ಡೈವರ್ಟರನ್ನೋ ಮಾತ್ರ ಮುಚ್ಚಿದರೆ ಎರಡು ಲೈನುಗಳು ಮಿಕ್ಸರ್ ಒಳಗೆ ಒಂದಾಗಿಬಿಡುತ್ತವೆ. ಯಾವ ಕಡೆ ಒತ್ತಡ ಹೆಚ್ಚೋ ಆ ಕಡೆಯ ನೀರು ಇನ್ನೊಂದರೊಳಗೆ ನುಗ್ಗುತ್ತದೆ. ತಣ್ಣೀರಿಗೆ ಮಾತ್ರ ಪ್ರೆಷರ್ ಪಂಪು ಹಾಕಿಸಿಕೊಂಡ ಮನೆಗಳಲ್ಲಿ ಇದು ಜೋರು. ತಣ್ಣೀರು ಬಿಸಿನೀರಿನ ಪೈಪಿನಲ್ಲಿ ಮೇಲೇರಿ ಸೋಲಾರ್ ಟ್ಯಾಂಕು ಸೇರುತ್ತದೆ, ಕಾದ ನೀರು ಏರ್ ವೆಂಟಿನಿಂದ ತಾರಸಿಗೆ ಚೆಲ್ಲುತ್ತದೆ. ಮನೆಯವರಿಗೆ ಕಾಣುವುದು "ಸೋಲಾರ್ ಟ್ಯಾಂಕ್ ತುಂಬಿ ಹರೀತಿದೆ" ಎಂಬುದು ಮಾತ್ರ.

ಪತ್ತೆ ಮಾಡುವುದು ಸುಲಭ. ಒಂದು ರಾತ್ರಿ ಟ್ಯಾಂಕಿನಿಂದ ಹೊರಡುವ ಬಿಸಿನೀರಿನ ಮುಖ್ಯ ವಾಲ್ವ್ ಮುಚ್ಚಿ, ಬೆಳಗ್ಗೆ ತೆರೆದು ಅಳೆಯಿರಿ. ಹಿಂದಿನ ಅಳತೆಗಿಂತ ನೀರು ಚೆನ್ನಾಗಿ ಬಿಸಿಯಿದ್ದರೆ ಕಳ್ಳ ಮನೆಯೊಳಗಿದ್ದಾನೆ. ಪರಿಹಾರ ಎರಡು. ಸ್ನಾನ ಮುಗಿದ ಮೇಲೆ ಎರಡೂ ತಿರುವು ಮುಚ್ಚುವ ಅಭ್ಯಾಸ. ಅಭ್ಯಾಸದ ಮೇಲೆ ನಂಬಿಕೆ ಇಲ್ಲದಿದ್ದರೆ ಪ್ರತಿ ಬಚ್ಚಲಿನ ಬಿಸಿನೀರಿನ ಲೈನಿಗೆ ಒಂದು ನಾನ್ ರಿಟರ್ನ್ ವಾಲ್ವ್. ಟ್ಯಾಂಕಿನ ಇನ್ಸುಲೇಷನ್ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಸರ್ವಿಸ್ ಹುಡುಗರಲ್ಲಿ ಮಿಕ್ಸರ್ ಬಿಚ್ಚಿ ನೋಡುವವರು ಕಡಿಮೆ.

ಪೈಪಿನಲ್ಲಿ ನಿಂತ ನೀರು

ಈಗ ಪೈಪಿನ ವಿಷಯ. ಜನ ಅತಿ ಹೆಚ್ಚು ತಪ್ಪು ತಿಳಿದಿರುವುದು ಇಲ್ಲಿ.

ಮುಕ್ಕಾಲು ಇಂಚಿನ ಸಿಪಿವಿಸಿ ಪೈಪಿನಲ್ಲಿ ಪ್ರತಿ ಮೀಟರಿಗೆ ಸುಮಾರು ಕಾಲು ಲೀಟರ್ ನೀರು ನಿಲ್ಲುತ್ತದೆ. ತಾರಸಿಯಿಂದ ನೆಲಮಹಡಿಯ ಬಚ್ಚಲಿಗೆ ಸುತ್ತಿಬಳಸಿ 20 ಮೀಟರ್ ಇದ್ದರೆ ಐದು ಲೀಟರ್. ಒಂದಿಂಚಿನ ಪೈಪಾದರೆ ಎಂಟೂವರೆ ಲೀಟರ್. ರಾತ್ರಿಯಿಡೀ ನಿಂತು ತಣ್ಣಗಾದ ಈ ನೀರು ಪೂರ್ತಿ ಹೊರಬಂದ ಮೇಲೆಯೇ ಟ್ಯಾಂಕಿನ ಬಿಸಿನೀರು ನಿಮ್ಮ ಕೈಗೆ ಸಿಗುವುದು. ಅಷ್ಟೇ ಅಲ್ಲ, ಸ್ನಾನ ಮುಗಿದು ನಲ್ಲಿ ಮುಚ್ಚಿದಾಗ ಅಷ್ಟೇ ಪ್ರಮಾಣದ ಬಿಸಿನೀರು ಪೈಪಿನಲ್ಲಿ ಉಳಿದು, ಯಾರ ಉಪಯೋಗಕ್ಕೂ ಬಾರದೆ ತಣ್ಣಗಾಗುತ್ತದೆ. ಅಂದರೆ ನಷ್ಟ ಎರಡು ಕಡೆ.

ನೀರು ಹರಿಯುತ್ತಿರುವಾಗ ಪೈಪಿನಿಂದ ಹೋಗುವ ಬಿಸಿ ಬಹಳ ಕಡಿಮೆ. ನಿಮಿಷಕ್ಕೆ ಹತ್ತು ಲೀಟರ್ ಹರಿದರೆ 20 ಮೀಟರ್ ಬರಿಯ ಪೈಪಿನಲ್ಲಿ ಒಂದು ಡಿಗ್ರಿಯೂ ಇಳಿಯುವುದಿಲ್ಲ. ನಷ್ಟವೆಲ್ಲ ನೀರು ನಿಂತಾಗ. 18 ಡಿಗ್ರಿಯ ಚಳಿಯಲ್ಲಿ, ಹೊದಿಕೆ ಇಲ್ಲದ ಹೊರಗಿನ ಪೈಪಿನಲ್ಲಿ 55 ಡಿಗ್ರಿಯ ನೀರು ಅರ್ಧ ಗಂಟೆಯಲ್ಲಿ 32ರ ಆಸುಪಾಸಿಗೆ ಇಳಿಯುತ್ತದೆ. ಅದೇ ಪೈಪಿಗೆ 13 ಮಿಲಿಮೀಟರ್ ದಪ್ಪದ ರಬ್ಬರ್ ಹೊದಿಕೆ ಇದ್ದರೆ 42ರ ಹತ್ತಿರ ಉಳಿದಿರುತ್ತದೆ. ಒಬ್ಬರಾದ ಮೇಲೆ ಒಬ್ಬರು ಸ್ನಾನಕ್ಕೆ ಹೋಗುವ ಮನೆಗೆ ಇದು ದೊಡ್ಡ ವ್ಯತ್ಯಾಸ. ಎರಡನೆಯವರು, ಮೂರನೆಯವರು ನೀರು ಚೆಲ್ಲಬೇಕಾಗಿಲ್ಲ. ಆದರೆ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ನಿಂತ ನೀರನ್ನು ಯಾವ ಹೊದಿಕೆಯೂ ಬಿಸಿಯಾಗಿಡಲಾರದು. "ಇನ್ಸುಲೇಷನ್ ಹಾಕಿಸಿದರೆ ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು" ಎನ್ನುವವರ ಮಾತು ನಂಬಬೇಡಿ. ಬೆಳಗಿನ ಮೊದಲ ಐದು ಲೀಟರನ್ನು ಬಕೆಟ್ಟಿನಲ್ಲಿ ಹಿಡಿದು ಗಿಡಕ್ಕೋ ಬಟ್ಟೆಗೋ ಬಳಸಿ. ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವ ಊರುಗಳಲ್ಲಿ ಅದು ಸಣ್ಣ ಲೆಕ್ಕವಲ್ಲ.

ಹೀಗಾಗಿ ಹೊದಿಕೆಗಿಂತ ಮೊದಲು ನೋಡಬೇಕಾದ್ದು ಪೈಪಿನ ಉದ್ದ ಮತ್ತು ಗಾತ್ರ. ಮನೆ ಕಟ್ಟುತ್ತಿರುವವರಿಗೆ ನನ್ನ ಗಟ್ಟಿ ಸಲಹೆ: ಸೋಲಾರ್ ಎಲ್ಲಿ ಕೂರುತ್ತದೆ ಎಂಬುದನ್ನು ಬಚ್ಚಲಿನ ನಕ್ಷೆ ಬರೆಯುವಾಗಲೇ ತೀರ್ಮಾನಿಸಿ. ಮನೆಯ ಒಂದು ಮೂಲೆಯಲ್ಲಿ ಸೋಲಾರ್, ಎದುರು ಮೂಲೆಯಲ್ಲಿ ಬಚ್ಚಲು ಇಡುವ ಎಂಜಿನಿಯರುಗಳು ಬಹಳ ಇದ್ದಾರೆ. ಬಿಸಿನೀರಿಗೆ "ಒಂದಿಂಚೇ ಇರಲಿ, ಫೋರ್ಸ್ ಬರುತ್ತೆ" ಎಂಬ ಪ್ಲಂಬರ್ ಮಾತಿಗೂ ತಲೆಯಾಡಿಸಬೇಡಿ. ಮೂರ್ನಾಲ್ಕು ಬಚ್ಚಲಿರುವ ಮನೆಗೆ ಕೆಳಗಿಳಿಯುವ ಮುಖ್ಯ ಪೈಪು ಮುಕ್ಕಾಲು ಇಂಚು, ಅಲ್ಲಿಂದ ಒಂದೊಂದು ಬಚ್ಚಲಿಗೆ ಅರ್ಧ ಇಂಚು ಸಾಮಾನ್ಯವಾಗಿ ಸಾಕಾಗುತ್ತದೆ. ಅರ್ಧ ಇಂಚಿನಲ್ಲಿ ನಿಲ್ಲುವ ನೀರು ಮುಕ್ಕಾಲು ಇಂಚಿನ ಅರ್ಧದಷ್ಟು ಮಾತ್ರ. ಗೋಡೆಯೊಳಗೆ ಹೋಗುವ ಪೈಪಿಗೆ ಗಾಡಿ (ಗೋಡೆಯಲ್ಲಿ ಕೊರೆಯುವ ಕಾಲುವೆ) ಹೊಡೆಯುವಾಗ ಹೊದಿಕೆಗೂ ಜಾಗ ಬಿಟ್ಟು ಅಗಲವಾಗಿ ಹೊಡೆಸಿ. ಪ್ಲಾಸ್ಟರ್ ಆದ ಮೇಲೆ ಅದನ್ನು ಸರಿಪಡಿಸಲು ಟೈಲ್ಸ್ ಒಡೆಯಬೇಕು.

ಯಾವ ಹೊದಿಕೆ?

ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡು ಬಗೆ ಸಿಗುತ್ತವೆ. ಬಿಳಿ ಅಥವಾ ಬೂದುಬಣ್ಣದ ಇಪಿಇ ಫೋಮ್ ಕೊಳವೆ ಅಗ್ಗ. ಕಪ್ಪು ಬಣ್ಣದ ನೈಟ್ರೈಲ್ ರಬ್ಬರ್ ಕೊಳವೆ ದುಬಾರಿ. ಮನೆಯೊಳಗೆ, ಡಕ್ಟಿನಲ್ಲಿ, ಗೋಡೆಯೊಳಗೆ ಇಪಿಇ ನಡೆಯುತ್ತದೆ. ಟ್ಯಾಂಕಿನ ಹತ್ತಿರ ಮತ್ತು ಬಿಸಿಲಿಗೆ ಬೀಳುವ ಕಡೆ ಅದು ಬೇಡ. ಬೇಸಿಗೆಯಲ್ಲಿ ಗಾಜಿನ ಕೊಳವೆಯ ಸೋಲಾರಿನ ನೀರು 80 ಡಿಗ್ರಿ ದಾಟುವುದುಂಟು, ಇಪಿಇ ಆ ಬಿಸಿಗೆ ಮೆತ್ತಗಾಗಿ ಚಪ್ಪಟೆಯಾಗುತ್ತದೆ. ಅಲ್ಲಿ ನೈಟ್ರೈಲೇ ಆಗಬೇಕು. ತಾರಸಿಯ ಮೇಲೆ 19 ಮಿಲಿಮೀಟರ್ ದಪ್ಪ, ಉಳಿದ ಕಡೆ 13 ಸಾಕು.

ಕೊಳ್ಳುವಾಗ "ಮುಕ್ಕಾಲು ಇಂಚಿನ ಪೈಪಿಗೆ" ಎಂದಷ್ಟೇ ಹೇಳಿದರೆ ಅಂಗಡಿಯವರು ಜಿಐ ಪೈಪಿನ ಅಳತೆ ಕೊಟ್ಟುಬಿಡಬಹುದು. ಸಿಪಿವಿಸಿ ಪೈಪಿನ ಹೊರ ಅಳತೆ ಬೇರೆ: ಮುಕ್ಕಾಲು ಇಂಚಿಗೆ 22 ಮಿಲಿಮೀಟರ್, ಒಂದಿಂಚಿಗೆ 28. ಸಡಿಲವಾಗಿ ಕೂತ ಹೊದಿಕೆಯೊಳಗೆ ಗಾಳಿ ಓಡಾಡುತ್ತದೆ, ಮಳೆನೀರು ನಿಲ್ಲುತ್ತದೆ. ಒಂದು ತುಂಡು ಪೈಪನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗುವುದು ಒಳ್ಳೆಯದು.

ಹಾಕುವ ಕೆಲಸವನ್ನು ಮನೆಯವರೇ ಒಂದು ಭಾನುವಾರ ಮಾಡಬಹುದು. ಕೊಳವೆಯನ್ನು ಉದ್ದಕ್ಕೆ ಬ್ಲೇಡಿನಿಂದ ಸೀಳಿ, ಪೈಪಿಗೆ ತೊಡಿಸಿ, ಸೀಳಿನ ಎರಡೂ ಅಂಚಿಗೆ ಗೋಂದು ಹಚ್ಚಿ ಒಣಗಲು ಬಿಟ್ಟು ಒತ್ತಿಹಿಡಿಯಬೇಕು. ಸೀಳು ಕೆಳಮುಖವಾಗಿರಲಿ, ಮಳೆನೀರು ಇಳಿಯದಂತೆ. ಹೆಚ್ಚಿನವರು ಬಿಡುವುದು ಎಲ್ಬೋ, ಟೀ, ವಾಲ್ವುಗಳನ್ನು. ನೇರ ಪೈಪಿಗೆ ಅಚ್ಚುಕಟ್ಟಾಗಿ ಸುತ್ತಿ ಮೂಲೆಗಳನ್ನು ಬೆತ್ತಲೆ ಬಿಟ್ಟರೆ ಅರ್ಧ ಕೆಲಸ ವ್ಯರ್ಥ. ಎಲ್ಬೋ ಬಂದಲ್ಲಿ ಎರಡು ತುಂಡುಗಳನ್ನು ಓರೆಯಾಗಿ ಕತ್ತರಿಸಿ, ಫೋಟೋ ಫ್ರೇಮಿನ ಮೂಲೆಯಂತೆ ಕೂಡಿಸಿ. ವಾಲ್ವಿನ ಹಿಡಿಕೆ ಮಾತ್ರ ಹೊರಗಿರಲಿ.

ಇಷ್ಟು ಮಾಡಿ ನಿಲ್ಲಿಸಿದರೆ ಎರಡು ಬೇಸಿಗೆಯಲ್ಲಿ ಎಲ್ಲವೂ ಪುಡಿಪುಡಿ. ನೈಟ್ರೈಲ್ ಕೂಡ ನೇರ ಬಿಸಿಲು ತಡೆಯಲಾರದು. ಮೇಲೆ ಅಲ್ಯೂಮಿನಿಯಂ ಟೇಪನ್ನು ಒಂದರ ಮೇಲೊಂದು ಅರ್ಧ ಬರುವಂತೆ ಸುತ್ತಬೇಕು, ಅಥವಾ ದೊಡ್ಡ ಗಾತ್ರದ ಪಿವಿಸಿ ಪೈಪನ್ನು ಸೀಳಿ ಹೊರಕವಚವಾಗಿ ತೊಡಿಸಬೇಕು. ಎರಡನೆಯದು ನೋಡಲು ಒರಟು, ಆದರೆ ಬಾಳಿಕೆ ಹೆಚ್ಚು. ಅಳಿಲಿಗೂ ಕಾಗೆಗೂ ಮೆತ್ತನೆಯ ಫೋಮ್ ಎಂದರೆ ಗೂಡಿಗೆ ಸಿಕ್ಕ ಹತ್ತಿ. ಕೋತಿ ಕಾಟದ ಊರಿನವರಿಗೆ ಬೇರೆ ಹೇಳಬೇಕಾಗಿಲ್ಲ. ಮಲೆನಾಡಿನಲ್ಲಿ ಕೀಲುಗಳಿಗೆ ಸಿಲಿಕೋನ್ ಹಚ್ಚದಿದ್ದರೆ ಆಷಾಢ ಕಳೆಯುವಷ್ಟರಲ್ಲಿ ಒಳಗೆಲ್ಲ ನೀರು. ನೆನೆದ ಹೊದಿಕೆ ಇದ್ದೂ ಇಲ್ಲದಂತೆ.

ಟ್ಯಾಂಕಿನಿಂದ ಹೊರಡುವ ಬಿಸಿನೀರಿನ ಪೈಪು ಮೇಲಕ್ಕೆ ಏರಿ ಹೋಗಿದ್ದರೆ ಪ್ಲಂಬರನ್ನು ಕರೆದು ಮೊದಲು ಒಂದಡಿ ಕೆಳಕ್ಕೆ ಇಳಿದು ಆಮೇಲೆ ತಿರುಗುವಂತೆ ಮಾಡಿಸಿ. ಬಿಸಿನೀರು ಹಗುರ. ಏರುಪೈಪು ಇದ್ದರೆ ನಲ್ಲಿ ಮುಚ್ಚಿದ್ದರೂ ರಾತ್ರಿಯಿಡೀ ಪೈಪಿನೊಳಗೆ ಏರುತ್ತಾ, ತಣ್ಣಗಾಗಿ ಇಳಿಯುತ್ತಾ ಟ್ಯಾಂಕಿನ ಬಿಸಿಯನ್ನು ಹೊರಗೆ ಸಾಗಿಸುತ್ತದೆ. ಇಳಿಪೈಪಿನಲ್ಲಿ ಆ ಆಟ ನಡೆಯುವುದಿಲ್ಲ.

ಬ್ಯಾಕಪ್ಪೋ ಗೀಸರೋ

ಮೋಡ ಕವಿದ ದಿನಗಳಿಗೆ ವಿದ್ಯುತ್ ಬೇಕೇ ಬೇಕು. ಆದರೆ ಟ್ಯಾಂಕಿನೊಳಗಿನ 2 ಕಿಲೋವಾಟ್ ಬ್ಯಾಕಪ್ ಹಾಕಿದರೆ ಅದು ಇಬ್ಬರ ಸ್ನಾನದ ನೀರನ್ನು ಮಾತ್ರ ಕಾಯಿಸುವುದಿಲ್ಲ, ಇಡೀ 200 ಲೀಟರನ್ನು ಕಾಯಿಸಲು ಹೊರಡುತ್ತದೆ. 30 ಡಿಗ್ರಿ ಏರಿಸಲು ಏಳು ಯೂನಿಟ್ ಬೇಕು. ಬಚ್ಚಲಿನ 15 ಲೀಟರ್ ಗೀಸರ್ 20ರಿಂದ 60 ಡಿಗ್ರಿಗೆ ಕಾಯಿಸಲು ಮುಕ್ಕಾಲು ಯೂನಿಟ್‌ಗಿಂತ ಕಡಿಮೆ ಸಾಕು, ಇಪ್ಪತ್ತು ಇಪ್ಪತ್ತೆರಡು ನಿಮಿಷ. ಸಣ್ಣ ಕುಟುಂಬಕ್ಕೆ ನನ್ನ ಮತ ಗೀಸರಿಗೆ, ಅದೂ ಸೋಲಾರ್ ನೀರನ್ನೇ ಗೀಸರಿನ ಒಳದಾರಿಗೆ ಕೊಟ್ಟು. ಸೋಲಾರ್ 40 ಡಿಗ್ರಿಗೆ ತಂದಿದ್ದರೆ ಉಳಿದದ್ದನ್ನು ಮಾತ್ರ ಗೀಸರ್ ಸೇರಿಸುತ್ತದೆ. ಆದರೆ ಎಷ್ಟು ಬಿಸಿಯ ನೀರನ್ನು ಒಳಗೆ ಬಿಡಬಹುದು ಎಂದು ಗೀಸರಿನ ಪುಸ್ತಕದಲ್ಲಿ ನೋಡಿಕೊಂಡೇ ಜೋಡಿಸಿ. ಬಿಸಿಲುಗಾಲಕ್ಕೆ ಒಂದು ಬೈಪಾಸ್ ವಾಲ್ವ್ ಇರಲಿ.

ಗೀಸರ್ ಕೊಳ್ಳುವಾಗ ಬಿಇಇ ಸ್ಟಾರ್ ಲೇಬಲ್ಲಿನಲ್ಲಿ ನಕ್ಷತ್ರ ಎಣಿಸಿದರೆ ಸಾಲದು. ಅದೇ ಲೇಬಲ್ಲಿನಲ್ಲಿ ಸ್ಟ್ಯಾಂಡಿಂಗ್ ಲಾಸ್ ಎಂಬ ಅಂಕಿ ಇರುತ್ತದೆ. ಒಳಗೂ ಹೊರಗೂ 45 ಡಿಗ್ರಿ ವ್ಯತ್ಯಾಸ ಇದ್ದಾಗ, ಒಂದು ಹನಿ ನೀರನ್ನೂ ಬಳಸದೆ 24 ಗಂಟೆಯಲ್ಲಿ ಎಷ್ಟು ಯೂನಿಟ್ ಸೋರಿಹೋಗುತ್ತದೆ ಎಂಬ ಲೆಕ್ಕ ಅದು. ಗೀಸರಿನ ನಕ್ಷತ್ರಗಳು ನಿಂತಿರುವುದೇ ಅದರ ಮೇಲೆ, ಅಂದರೆ ಅದರ ಹೊದಿಕೆಯ ಗುಣದ ಮೇಲೆ. ಅಲ್ಲಿ ಅರ್ಧ ಯೂನಿಟ್ ಎಂದಿದ್ದರೆ ದಿನವಿಡೀ ಆನ್ ಇಟ್ಟ ಗೀಸರ್ ತಿಂಗಳಿಗೆ ಹದಿನೈದು ಯೂನಿಟ್ ಸುಮ್ಮನೆ ತಿನ್ನುತ್ತದೆ. ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಹಾಕಿ, ಮುಗಿದ ಕೂಡಲೇ ಆರಿಸಿ. ಹಳೆಯ ಗೀಸರಿಗೆ ಕಂಬಳಿ, ಗೋಣಿ, ಥರ್ಮೋಕೋಲ್ ಸುತ್ತುವ ಸಾಹಸ ಬೇಡ. ವೈರು, ಥರ್ಮೋಸ್ಟಾಟ್, ಸೇಫ್ಟಿ ವಾಲ್ವ್ ಎಲ್ಲವೂ ಅಲ್ಲೇ ಇವೆ.

ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಪಡೆಯುವ ಮನೆಗಳಿಗೆ ಈ ಯೂನಿಟ್ಟುಗಳ ತೂಕ ಇನ್ನೂ ಹೆಚ್ಚು. ನಿಮಗೆ ಗೊತ್ತುಮಾಡಿದ ಮಿತಿ ಮೀರಿದರೆ ಹೆಚ್ಚುವರಿಗೆ ಹಣ, ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ ನಿಮ್ಮದೇ. ವರ್ಷವಿಡೀ 180ರ ಆಸುಪಾಸಿನಲ್ಲಿರುವ ಮನೆಯನ್ನು ಡಿಸೆಂಬರ್, ಜನವರಿಯಲ್ಲಿ ಗೆರೆ ದಾಟಿಸುವುದು ಸಾಮಾನ್ಯವಾಗಿ ಬಿಸಿನೀರೇ. ಸೋಲಾರ್ ವಾಟರ್ ಹೀಟರ್ ಇರುವ ಮನೆಗಳಿಗೆ ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆ, ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿಯೂ ಇದೆ. ಬಿಲ್ ಕಟ್ಟುವ ಮನೆಯಾಗಿದ್ದು ಆ ಸಾಲು ನಿಮ್ಮ ಬಿಲ್ಲಿನಲ್ಲಿ ಕಾಣದಿದ್ದರೆ ನಿಮ್ಮ ವಿದ್ಯುತ್ ಸರಬರಾಜು ಕಂಪನಿಯ (ಎಸ್ಕಾಂ) ಉಪವಿಭಾಗದ ಕಚೇರಿಯಲ್ಲಿ ವಿಚಾರಿಸಿ.

ತೆರೆದ ನೀರು, ಹಬೆ, ಹಾಟ್ ಟಬ್

ಹಂಡೆ ಇರುವ ಮನೆಗಳಿಗೆ ಒಂದೇ ಮಾತು: ಮುಚ್ಚಳ. ಒಂದು ಲೀಟರ್ ನೀರು ಹಬೆಯಾಗಿ ಹೋದರೆ ಅದರೊಂದಿಗೆ ಹೋಗುವ ಶಾಖ ಯೂನಿಟ್ಟಿನ ಮೂರನೇ ಎರಡು ಭಾಗ. ತೆರೆದ ಬಾಯಿಯ ಬಿಸಿನೀರಿನ ಅತಿ ದೊಡ್ಡ ನಷ್ಟ ಹಬೆಯೇ, ಪಾತ್ರೆಯ ಗೋಡೆ ಆಮೇಲೆ. ಹಳೆಯ ಕಾಲದ ಬಚ್ಚಲೊಲೆಗಳಲ್ಲಿ ಹಂಡೆಯ ಸುತ್ತ ಮಣ್ಣು ಮೆತ್ತಿ ಕೂರಿಸಿ, ಬಾಯಿಗೆ ಹಲಗೆ ಮುಚ್ಚುತ್ತಿದ್ದುದರಲ್ಲಿ ಎರಡಕ್ಕೂ ಉತ್ತರವಿತ್ತು.

ಇದೇ ಲೆಕ್ಕ ಕೊಡಗು, ಚಿಕ್ಕಮಗಳೂರಿನ ರೆಸಾರ್ಟು, ಹೋಂಸ್ಟೇಗಳಲ್ಲಿ ಈಗ ಕಾಣುವ ಹಾಟ್ ಟಬ್ಬುಗಳಿಗೂ ಅನ್ವಯ. 1,500 ಲೀಟರಿನ ಟಬ್ಬು ಒಂದು ಡಿಗ್ರಿ ಏರಲು ಒಂದೂಮುಕ್ಕಾಲು ಯೂನಿಟ್ ಬೇಕು. 20ರಿಂದ 39 ಡಿಗ್ರಿಗೆ ತರಲು 33 ಯೂನಿಟ್. ಮಂಜು ಸುರಿಯುವ ರಾತ್ರಿ ಅತಿಥಿಗಳು ಎದ್ದುಹೋದ ಮೇಲೆ ಟಬ್ಬನ್ನು ಹಾಗೇ ತೆರೆದಿಟ್ಟರೆ ಅದರಲ್ಲಿ ದೊಡ್ಡ ಪಾಲು ಹಬೆಯಾಗಿ ಹೋಗುತ್ತದೆ. ದಪ್ಪ ಥರ್ಮೋಕೋಲಿನ, ಅಂಚು ಬಿಗಿಯಾಗಿ ಕೂರುವ ಮುಚ್ಚಳವೇ ಇಲ್ಲಿ ಮೊದಲ ಖರ್ಚು. ಅದರ ಕೆಳಗೆ ನೀರಿನ ಮೇಲೆ ತೇಲುವ ಗುಳ್ಳೆಹಾಳೆ ಇದ್ದರೆ ಮುಚ್ಚಳವೂ ಬಾಳಿಕೆ ಬರುತ್ತದೆ. ಹಿಂದೆ ಒಬ್ಬರೇ ಎತ್ತುತ್ತಿದ್ದ ಮುಚ್ಚಳಕ್ಕೆ ಈಗ ಇಬ್ಬರು ಬೇಕಾಗಿದ್ದರೆ ಒಳಗೆ ನೀರು ಕುಡಿದಿದೆ, ಬದಲಿಸಿ. ಆಮೇಲೆ ಗಾಳಿಗೆ ಒಂದು ತಡೆ, ತಳಕ್ಕೆ ಭಾರ ತಡೆಯುವ ಗಟ್ಟಿ ಫೋಮ್ ಹಲಗೆ. ಪಕ್ಕದ ಕವಚದೊಳಗೆ ಫೋಮ್ ತುಂಬಿಸುವುದಾದರೆ ಮೋಟಾರ್ ಇರುವ ಕಡೆಯ ಗಾಳಿಕಂಡಿ ಮುಚ್ಚಬಾರದು, ಮೋಟಾರ್ ಸುಟ್ಟುಹೋಗುತ್ತದೆ. ಟಬ್ಬುಗಳ ತವರಾದ ಕ್ಯಾಲಿಫೋರ್ನಿಯಾದಲ್ಲಿ, ಮುಚ್ಚಳ ಹಾಕಿ ಸುಮ್ಮನಿಟ್ಟಾಗ ಟಬ್ಬು ಎಷ್ಟು ವಿದ್ಯುತ್ ಎಳೆಯಬಹುದು ಎಂಬುದಕ್ಕೆ ಸರ್ಕಾರವೇ ಮಿತಿ ಹಾಕಿದೆ. ಇಲ್ಲಿ ಅಂಥ ನಿಯಮ ಕಾಯುತ್ತಾ ಕೂರುವ ಬದಲು ಕೊಳ್ಳುವ ಮುಂಚೆ ಮಾರುವವರನ್ನೇ ಆ ಅಂಕಿ ಕೇಳಬಹುದು. ವಾರದಲ್ಲಿ ಎರಡು ದಿನ ಮಾತ್ರ ಅತಿಥಿಗಳು ಬರುವ ಜಾಗದಲ್ಲಿ ಉಳಿದ ದಿನ ಉಷ್ಣತೆಯನ್ನು ಇಳಿಸಿಡುವುದು ಲಾಭ. ತಣ್ಣಗಿದ್ದಷ್ಟೂ ಸೋರುವುದು ಕಡಿಮೆ.

ಮನೆಯ ಸೋಲಾರಿಗೆ ಮರಳಿದರೆ, ದುಡ್ಡು ಹಾಕುವ ಕ್ರಮ ಹೀಗಿರಲಿ. ಅಳತೆ ಮತ್ತು ಮಿಕ್ಸರ್ ಪರೀಕ್ಷೆಗೆ ಥರ್ಮಾಮೀಟರ್ ಬಿಟ್ಟರೆ ಖರ್ಚೇ ಇಲ್ಲ. ಬೆಳ್ಳಗಾದ ಕೊಳವೆ, ಬಿರಿದ ಉಂಗುರ ಬದಲಿಸುವುದು, ತಾರಸಿಯ ಪೈಪಿಗೆ ಹೊದಿಕೆ ಅದರ ನಂತರ. ಹೊಸ ಟ್ಯಾಂಕಿನ ಮಾತು ಎಲ್ಲಕ್ಕೂ ಕೊನೆಗೆ. ಬೋರ್‌ವೆಲ್ ನೀರಿನ ಮನೆಯವರು ಕೊಳವೆಯೊಳಗೆ, ಬ್ಯಾಕಪ್ ಕಾಯಿಲ್ ಮೇಲೆ ಕಟ್ಟಿದ ಸುಣ್ಣವನ್ನೂ ಇದೇ ಸಲ ತೆಗೆಸಲಿ. ಹೊದಿಕೆ ಹಾಕಲು ಪೈಪು ಒಣಗಿರಬೇಕು, ಗೋಂದು ಹಿಡಿಯಲು ಬಿಸಿಲಿರಬೇಕು. ಮಳೆ ಹಿಂದೆ ಸರಿದು ದೀಪಾವಳಿಯ ನೀರು ತುಂಬುವ ಹಬ್ಬ ಬರುವ ನಡುವಿನ ಎರಡು ಮೂರು ವಾರ ಇದಕ್ಕೆ ಸರಿಯಾದ ಕಾಲ. ಚಳಿ ಶುರುವಾದ ಮೇಲೆ ಪ್ಲಂಬರ್ ಫೋನು ಎತ್ತುವುದಿಲ್ಲ.